ದಾನ ಕೊಟ್ಟವರು, ಪಾಲು ಪಡೆದವರು

2015ರ ಡಿಸೆಂಬರ್ 11ರಂದು ಅಮೆರಿಕದಲ್ಲಿ ಹೊಸದೊಂದು ಸಂಸ್ಥೆಯ ಹುಟ್ಟನ್ನು ಪ್ರಕಟಿಸಲಾಯಿತು. ಅದರ ಹೆಸರು ಓಪನ್‌ಎಐ. ಲಾಭದ ಉದ್ದೇಶವಿಲ್ಲದ ಈ ಸಂಶೋಧನಾ ಸಂಸ್ಥೆ, ಕೃತಕ ಬುದ್ಧಿಮತ್ತೆಯನ್ನು ಇಡೀ ಮನುಕುಲದ ಹಿತಕ್ಕಾಗಿ ಬೆಳೆಸುವುದು ತನ್ನ ಗುರಿ ಎಂದು ಹೇಳಿಕೊಂಡಿತ್ತು. ಅದಕ್ಕೆ ಒಟ್ಟು 100 ಕೋಟಿ ಡಾಲರ್ ನೆರವಿನ ಮಾತು ಕೊಟ್ಟವರ ಪಟ್ಟಿಯಲ್ಲಿ ಇಲಾನ್ ಮಸ್ಕ್, ಪೀಟರ್ ಥೀಲ್, ರೀಡ್ ಹಾಫ್‌ಮನ್ ಮುಂತಾದ ಧನಿಕರಿದ್ದರು. ಅಮೆಜಾನ್ ವೆಬ್ ಸರ್ವಿಸಸ್ ಇತ್ತು. ಅದೇ ಸಾಲಿನಲ್ಲಿ ನಮ್ಮ ಬೆಂಗಳೂರಿನ ಇನ್ಫೊಸಿಸ್ ಹೆಸರೂ ಇತ್ತು. ಆಗ ಅದರ ಮುಖ್ಯಸ್ಥರಾಗಿದ್ದವರು ವಿಶಾಲ್ ಸಿಕ್ಕಾ. ಸ್ಟ್ಯಾನ್‌ಫರ್ಡ್‌ನಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ ಬಂದಿದ್ದ ಅವರಿಗೆ ಮುಂದೆ ಬೀಸಲಿರುವ ಗಾಳಿಯ ದಿಕ್ಕು ಗೊತ್ತಿತ್ತು ಎಂದೇ ಹೇಳಬೇಕು.

ಆದರೆ ಇನ್ಫೊಸಿಸ್ ಕೊಟ್ಟದ್ದು ದಾನ, ಹೂಡಿಕೆಯಲ್ಲ. ಲಾಭರಹಿತ ಸಂಸ್ಥೆಯಲ್ಲಿ ಷೇರುಗಳಿರುವುದಿಲ್ಲ. ದಾನಿಗೆ ಧನ್ಯವಾದ ಸಲ್ಲುತ್ತದೆ, ಲಾಭಾಂಶ ಸಲ್ಲುವುದಿಲ್ಲ. 2017ರ ಆಗಸ್ಟ್‌ನಲ್ಲಿ ಸಿಕ್ಕಾ ಕಂಪನಿ ಬಿಟ್ಟರು. 2019ರಲ್ಲಿ ಓಪನ್‌ಎಐ ಲಾಭ ಗಳಿಸಬಲ್ಲ ಅಂಗವೊಂದನ್ನು ಕಟ್ಟಿಕೊಂಡಿತು. ಅದೇ ವರ್ಷ ಮೈಕ್ರೊಸಾಫ್ಟ್ 100 ಕೋಟಿ ಡಾಲರ್ ತೊಡಗಿಸಿತು. ಮುಂದೆ ಅದನ್ನು ಸುಮಾರು 1,300 ಕೋಟಿ ಡಾಲರ್‌ಗೆ ಏರಿಸಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದದ್ದು ಓದುಗರಿಗೆಲ್ಲ ಗೊತ್ತು. 2025ರ ಅಕ್ಟೋಬರ್‌ನಲ್ಲಿ ಸಂಸ್ಥೆಯ ಒಡೆತನವನ್ನು ಹೊಸದಾಗಿ ಹಂಚಿದಾಗ ಮೈಕ್ರೊಸಾಫ್ಟ್ ಪಾಲಿಗೆ ಬಂದದ್ದು ಸುಮಾರು ಶೇ 27. ಅದರ ಬೆಲೆ ಸುಮಾರು 13,500 ಕೋಟಿ ಡಾಲರ್. ಇನ್ಫೊಸಿಸ್ ಎಂಬ ಇಡೀ ಕಂಪನಿಯ ಮಾರುಕಟ್ಟೆ ಮೌಲ್ಯ, ಅದು ಅತ್ಯಂತ ಎತ್ತರಕ್ಕೇರಿದ್ದ ದಿನಗಳಲ್ಲೂ, ಈ ಮೊತ್ತವನ್ನು ಮುಟ್ಟಿರಲಿಲ್ಲ.

ಯಾರನ್ನೂ ಮೂದಲಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ವಿಜ್ಞಾನಕ್ಕೆ ದಾನ ಕೊಡುವುದು ಒಳ್ಳೆಯ ಕೆಲಸವೇ; ಅದರ ಫಲ ಹೀಗೆ ಬಂದೀತೆಂದು 2015ರಲ್ಲಿ ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಆದರೆ ಕೃತಕ ಬುದ್ಧಿಮತ್ತೆಯ ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯಲ್ಲಿ, ಯಂತ್ರಕ್ಕೆ ಮನಸ್ಸಿದೆಯೇ, ಅದು ಮನುಷ್ಯನನ್ನು ಮೀರಿಸುತ್ತದೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ಗಮನ ಇನ್ನೊಂದು ಪ್ರಶ್ನೆಗೆ ಸಿಗುತ್ತಿಲ್ಲ. ಅದಕ್ಕೆ ಹಾಕುವವರು ಯಾರು, ಅದರಿಂದ ಪಡೆಯುವವರು ಯಾರು? ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕುಳಿತು ಜನರ ದುಡ್ಡಿನ ಓಡಾಟ ನೋಡಿದವನು ನಾನು. ನನಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಇನ್ಫೊಸಿಸ್ ತನ್ನ ಷೇರುಗಳನ್ನು ಮೊದಲ ಬಾರಿಗೆ ಸಾರ್ವಜನಿಕರಿಗೆ ನೀಡಿದ್ದು 1993ರಲ್ಲಿ, ತಲಾ 95 ರೂಪಾಯಿಗೆ. ಕೊಳ್ಳುವವರು ಸಾಕಷ್ಟು ಮುಂದೆ ಬರಲಿಲ್ಲ; ಉಳಿದುದರಲ್ಲಿ ದೊಡ್ಡ ಪಾಲನ್ನು ಮಾರ್ಗನ್ ಸ್ಟ್ಯಾನ್ಲಿ ತೆಗೆದುಕೊಂಡಿತು. ಆಗ ಧೈರ್ಯ ಮಾಡಿ ನೂರು ಷೇರು ಕೊಂಡು ಬೀರುವಿನಲ್ಲಿಟ್ಟು ಮರೆತವರು ಮಲ್ಲೇಶ್ವರ, ಬಸವನಗುಡಿ, ಜಯನಗರಗಳ ಮನೆಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಮಗಳ ಮದುವೆಯನ್ನೂ ಮೊಮ್ಮಗನ ಓದನ್ನೂ ಆ ಕಾಗದಗಳೇ ನೋಡಿಕೊಂಡವು. ಕಂಪನಿ ತನ್ನ ನೌಕರರಿಗೂ ಷೇರುಗಳನ್ನು ಹಂಚಿತು. ಆ ಅಲೆಯ ವಿಶೇಷವೆಂದರೆ ಸಂಬಳವೂ ಪಾಲೂ ಒಂದೇ ಊರಿಗೆ, ಎಷ್ಟೋ ಸಲ ಒಂದೇ ಮನೆಗೆ ಬಂದದ್ದು. ಮಗ ಎಲೆಕ್ಟ್ರಾನಿಕ್ಸ್ ಸಿಟಿಯ ಬಸ್ಸು ಹತ್ತುತ್ತಿದ್ದ. ತಂದೆ ಪತ್ರಿಕೆಯಲ್ಲಿ ಷೇರು ದರದ ಪುಟ ತೆರೆಯುತ್ತಿದ್ದರು. ಕೆಲಸ ಕಳೆದುಕೊಂಡವರು ಇದ್ದದ್ದು ದೂರದ ಅಮೆರಿಕದಲ್ಲಿ. ಅಲ್ಲಿ ಅದಕ್ಕೆ ನಮ್ಮ ಊರಿನ ಹೆಸರನ್ನೇ ಕ್ರಿಯಾಪದ ಮಾಡಿ ಬಳಸಿದರು. ನಾವು ಅದನ್ನು ಸ್ವಲ್ಪ ಹೆಮ್ಮೆಯಿಂದಲೇ ಓದಿದೆವು.

ಅದೇ 1993ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಎನ್‌ವಿಡಿಯಾ ಎಂಬ ಕಂಪನಿ ಹುಟ್ಟಿತು. ಕಂಪ್ಯೂಟರ್ ಆಟಗಳ ಚಿತ್ರಗಳನ್ನು ಚುರುಕಾಗಿ ಮೂಡಿಸುವ ಚಿಪ್ ಮಾಡುವುದು ಅದರ ಕಸುಬು. ಏಕಕಾಲಕ್ಕೆ ಸಾವಿರಾರು ಸಣ್ಣ ಲೆಕ್ಕಗಳನ್ನು ಮಾಡುವ ಆ ಚಿಪ್ ಕೃತಕ ಬುದ್ಧಿಮತ್ತೆಗೆ ಹೇಳಿ ಮಾಡಿಸಿದ್ದೆಂದು ಗೊತ್ತಾದ ಮೇಲೆ ಅದರ ಹಣೆಬರಹವೇ ಬದಲಾಯಿತು. 2023ರಲ್ಲಿ 1 ಲಕ್ಷ ಕೋಟಿ ಡಾಲರ್ ದಾಟಿದ ಕಂಪನಿಯ ಮೌಲ್ಯ 2025ರ ಅಕ್ಟೋಬರ್‌ನಲ್ಲಿ 5 ಲಕ್ಷ ಕೋಟಿ ಡಾಲರ್ ಮುಟ್ಟಿತು. ನಮ್ಮ ಷೇರುಪೇಟೆಯಲ್ಲಿ ಇಂಥ ಚಿಪ್ ಮಾಡುವ ಅಥವಾ ಚಾಟ್‌ಜಿಪಿಟಿಯಂಥದನ್ನು ಕಟ್ಟುವ ದೊಡ್ಡ ಕಂಪನಿ ಒಂದೂ ಇಲ್ಲ. ಇರುವುದು ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮುಂತಾದವು. ಎಂದರೆ, ಆ ಯಂತ್ರ ಯಾರ ಕೆಲಸವನ್ನು ಮಾಡಲು ಹೊರಟಿದೆಯೋ ಅವರು. ವಿದೇಶದ ಷೇರು ಕೊಳ್ಳಲು ದಾರಿಗಳಿಲ್ಲವೆಂದಲ್ಲ. ಆದರೆ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ಹೊರದೇಶಗಳಲ್ಲಿ ತೊಡಗಿಸಬಹುದಾದ ಹಣಕ್ಕೆ 700 ಕೋಟಿ ಡಾಲರ್‌ಗಳ ಮಿತಿ ಹಾಕಲಾಗಿತ್ತು. 2022ರಲ್ಲಿ ಆ ಮಿತಿ ಹತ್ತಿರವಾದಾಗ ಹಲವು ಫಂಡ್‌ಗಳು ಹೊಸ ಹಣ ಪಡೆಯುವುದನ್ನೇ ನಿಲ್ಲಿಸಿದವು. ಚಾಟ್‌ಜಿಪಿಟಿ ಬಂದದ್ದೂ ಅದೇ ವರ್ಷ.

ನಮ್ಮ ಸಾಫ್ಟ್‌ವೇರ್ ಸೇವೆಯ ವ್ಯಾಪಾರವನ್ನು ಒಂದು ಗೋಪುರಕ್ಕೆ ಹೋಲಿಸಬಹುದು. ತುದಿಯಲ್ಲಿ ಗ್ರಾಹಕರೊಡನೆ ವ್ಯವಹರಿಸುವ ಕೆಲವರು, ನಡುವೆ ಕೆಲಸ ಹಂಚಿ ಮೇಲ್ವಿಚಾರಣೆ ನಡೆಸುವವರು, ತಳದಲ್ಲಿ ಆಗತಾನೆ ಕಾಲೇಜು ಮುಗಿಸಿ ಬಂದ ಸಾವಿರಾರು ಹುಡುಗ ಹುಡುಗಿಯರು. ಎಷ್ಟು ಜನ, ಎಷ್ಟು ಗಂಟೆ ಎಂಬ ಲೆಕ್ಕದ ಮೇಲೆ ಗ್ರಾಹಕನಿಗೆ ಬಿಲ್ಲು. ತಳದವರಿಗೆ ಕೊಡುವ ಸಂಬಳಕ್ಕೂ ಅವರ ಹೆಸರಿನಲ್ಲಿ ವಸೂಲಾಗುವ ಬಿಲ್ಲಿಗೂ ನಡುವಿನ ಅಂತರವೇ ಲಾಭ. ಹೊಸಬರ ವಾರ್ಷಿಕ ವೇತನ ಹತ್ತು ವರ್ಷಕ್ಕೂ ಮೇಲ್ಪಟ್ಟು ಮೂರೂವರೆ ಲಕ್ಷ ರೂಪಾಯಿಗಳ ಆಸುಪಾಸಿನಲ್ಲೇ ನಿಂತಿರುವುದು ಈ ಲೆಕ್ಕದ ಫಲ. ಪರೀಕ್ಷಾ ಸಂಕೇತ ಬರೆಯುವುದು, ಹಳೆಯ ಕಾಲದ ಪ್ರೋಗ್ರಾಂಗಳನ್ನು ಹೊಸ ಭಾಷೆಗೆ ತಿರುಗಿಸುವುದು, ದಾಖಲೆ ಸಿದ್ಧಪಡಿಸುವುದು, ಗ್ರಾಹಕರ ದೂರುಗಳಿಗೆ ಮೊದಲ ಉತ್ತರ ಕೊಡುವುದು ಆ ತಳದವರ ಕೆಲಸ. ಯಂತ್ರ ಮೊದಲು ಕಲಿತದ್ದೂ ಇವನ್ನೇ. ಐದು ಜನರ ಕೆಲಸ ಮೂವರಿಂದ ಆಗುವಾಗ ಐದು ಜನರ ಬಿಲ್ಲು ಏಕೆ ಎಂದು ಅಮೆರಿಕದ ಗ್ರಾಹಕ ಕೇಳಿದರೆ ಅದರಲ್ಲಿ ಅನ್ಯಾಯವೇನೂ ಇಲ್ಲ.

2023–24ರಲ್ಲಿ ಇನ್ಫೊಸಿಸ್ ನೌಕರರ ಸಂಖ್ಯೆ ಸುಮಾರು 26,000ದಷ್ಟೂ ಟಿಸಿಎಸ್‌ನದು ಸುಮಾರು 13,000ದಷ್ಟೂ ಇಳಿಯಿತು. ಅದಕ್ಕೆ ಮುಖ್ಯ ಕಾರಣ ಕೋವಿಡ್ ನಂತರ ಬೇಡಿಕೆ ತಗ್ಗಿದ್ದು. ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದು ಸರಿಯಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಮತ್ತೆ ಇದಕ್ಕೆ ಕಾರಣವಲ್ಲ, ಕೌಶಲಗಳು ಹೊಂದಿಕೆಯಾಗದಿರುವುದು ಕಾರಣ ಎಂದು ಅದರ ಮುಖ್ಯಸ್ಥರು ಹೇಳಿದರು. ಇರಬಹುದು. ಆದರೆ ಹೊಸ ಕೌಶಲ ಎಂದು ಕಂಪನಿಗಳು ಇಂದು ಕರೆಯುತ್ತಿರುವುದು ಯಾವುದನ್ನು ಎಂಬುದೂ ನೌಕರರಿಗೆ ಗೊತ್ತಿದೆ.

ಬ್ಯಾಂಕಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಇಲ್ಲಿ ಹೇಳಬೇಕು. ಸಿ. ರಂಗರಾಜನ್ ಅವರ ನೇತೃತ್ವದ ಸಮಿತಿಗಳು 1984 ಮತ್ತು 1989ರಲ್ಲಿ ಬ್ಯಾಂಕುಗಳ ಯಾಂತ್ರೀಕರಣಕ್ಕೆ ಶಿಫಾರಸು ಮಾಡಿದವು. ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದ ದಿನ ಸಂಘದವರು ಬಾಗಿಲಲ್ಲಿ ನಿಂತು ಘೋಷಣೆ ಕೂಗಿದರು. ಯಂತ್ರ ಬಂತು, ಯಾರ ಕೆಲಸವೂ ಹೋಗಲಿಲ್ಲ. ಲೆಡ್ಜರ್ ಹೊತ್ತು ತರುವ ಕಷ್ಟ ತಪ್ಪಿತು, ವರ್ಷಾಂತ್ಯದಲ್ಲಿ ಬಡ್ಡಿ ಲೆಕ್ಕ ಹಾಕುತ್ತ ಮಧ್ಯರಾತ್ರಿಯವರೆಗೆ ಕೂರುವುದು ತಪ್ಪಿತು. ಸಂಘದವರೂ ಖುಷಿಯಿಂದಲೇ ಇದ್ದರು. ಆದರೆ ವರ್ಷಗಳು ಕಳೆದಂತೆ ಶಾಖೆಗೆ ಹೊಸ ಗುಮಾಸ್ತರು ಬರುವುದೇ ನಿಂತುಹೋಯಿತು. 2000–01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ಸಾರ್ವಜನಿಕ ವಲಯದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಜನ ಹೊರನಡೆದರು. ಬ್ಯಾಂಕುಗಳ ವ್ಯವಹಾರ ಮಾತ್ರ ಹಲವು ಪಟ್ಟು ಬೆಳೆದಿತ್ತು. ಯಂತ್ರ ಕಸಿದದ್ದು ಕುರ್ಚಿಯಲ್ಲಿ ಕುಳಿತವರ ಕೆಲಸಕ್ಕಿಂತ ಹೆಚ್ಚಾಗಿ, ಮುಂದೆ ಬಂದು ಕೂರಬೇಕಾಗಿದ್ದವರ ಕೆಲಸವನ್ನು. ಅವರು ಯಾರೆಂದು ಯಾರ ಪಟ್ಟಿಯಲ್ಲೂ ಇರಲಿಲ್ಲವಾದ್ದರಿಂದ ಅವರ ಪರವಾಗಿ ಘೋಷಣೆ ಕೂಗುವವರೂ ಇರಲಿಲ್ಲ. ಅದು ದೊಡ್ಡ ದುರಂತವಾಗಲಿಲ್ಲ, ಏಕೆಂದರೆ ಬ್ಯಾಂಕಿನ ಗುಮಾಸ್ತರಾಗಬೇಕಿದ್ದ ಆ ತಲೆಮಾರಿನ ಮಕ್ಕಳಿಗೆ ಸಾಫ್ಟ್‌ವೇರ್ ಎಂಬ ಇನ್ನೂ ದೊಡ್ಡ ಬಾಗಿಲು ಅದೇ ಹೊತ್ತಿಗೆ ತೆರೆಯಿತು. ಹಾಸನ, ದಾವಣಗೆರೆ, ಬೆಳಗಾವಿಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ ಕೊನೆಯ ವರ್ಷ ಓದುತ್ತಿರುವವರಿಗೆ ತೆರೆಯುವ ಬಾಗಿಲು ಯಾವುದು?

ಹೂಡಿಕೆಯ ಮಾತನ್ನು ಇಲ್ಲಿಯೇ ಎತ್ತಿಕೊಳ್ಳಬೇಕು. ಏಕೆಂದರೆ ನಮ್ಮಲ್ಲಿ ಹೂಡಿಕೆದಾರನೂ ನೌಕರನೂ ಬೇರೆಬೇರೆ ಜನವಲ್ಲ. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಇರುವ ಒಂದು ಸಾಧಾರಣ ಕುಟುಂಬವನ್ನು ತೆಗೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಉದ್ಯೋಗಿಗಳು. ಸಂಬಳ ಆ ಉದ್ಯಮದಿಂದ. ಇಪ್ಪತ್ತು ವರ್ಷದ ಗೃಹಸಾಲದ ಕಂತು ಆ ಸಂಬಳದಿಂದ. ಕಂಪನಿ ಕೊಟ್ಟ ಷೇರುಗಳು ಅದೇ ಉದ್ಯಮದವು. ಭವಿಷ್ಯ ನಿಧಿ ಸಂಸ್ಥೆ 2015ರಿಂದ ತನ್ನ ಹೊಸ ಹಣದ ಒಂದಂಶವನ್ನು ಸೆನ್ಸೆಕ್ಸ್, ನಿಫ್ಟಿ ಸೂಚ್ಯಂಕಗಳಲ್ಲಿ ತೊಡಗಿಸುತ್ತ ಬಂದಿದೆ. ಆ ಸೂಚ್ಯಂಕಗಳ ತೂಕದ ಹೆಸರುಗಳಲ್ಲಿ ಇನ್ಫೊಸಿಸ್, ಟಿಸಿಎಸ್ ಇವೆ. ತಿಂಗಳು ತಿಂಗಳು ಕಟ್ಟುವ ಎಸ್‌ಐಪಿಯ ಫಂಡ್‌ಗಳಲ್ಲೂ ಅವೇ ಹೆಸರುಗಳು. (ಇಡೀ ದೇಶದಲ್ಲಿ ಹೀಗೆ ಎಸ್‌ಐಪಿ ಮೂಲಕ ಬರುವ ಹಣ 2024ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ತಿಂಗಳಿಗೆ 25,000 ಕೋಟಿ ರೂಪಾಯಿ ದಾಟಿತು.) ಮನೆಯ ಬೆಲೆಯಾದರೂ ಬೇರೆ ನೆಲೆಯಲ್ಲಿದೆಯೇ ಎಂದರೆ, ಆ ರಸ್ತೆಯ ಮನೆಗಳನ್ನು ಕೊಳ್ಳುವವರೂ ಬಾಡಿಗೆಗೆ ಹಿಡಿಯುವವರೂ ಅದೇ ಉದ್ಯಮದವರು. ಸಾಲ ಕೊಡುವ ಮೇಜಿನಲ್ಲಿ ನಾನು ಕುಳಿತಿದ್ದಾಗ ವ್ಯಾಪಾರಿಯೊಬ್ಬ ತನ್ನ ಆಸ್ತಿಯೆಲ್ಲವನ್ನೂ ಹೀಗೆ ಒಂದೇ ಸರಕಿಗೆ ಕಟ್ಟಿದ್ದು ಕಂಡಿದ್ದರೆ ಕಡತದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆಯುತ್ತಿದ್ದೆ.

ಇನ್ನು ಈ ಮನೆಯ ಮೇಲೆ ನಿಂತ ಇತರ ಮನೆಗಳ ಲೆಕ್ಕವನ್ನು ಯಾವ ಸೂಚ್ಯಂಕವೂ ಹಾಕುವುದಿಲ್ಲ. ಅಡುಗೆಯವರು, ಮಗು ನೋಡಿಕೊಳ್ಳುವವರು, ಚಾಲಕ, ಕಾವಲುಗಾರ, ಮೂಲೆಯ ದರ್ಶಿನಿ, ಪಿ.ಜಿ. ನಡೆಸುವ ಹಳೆಯ ರೈತ ಕುಟುಂಬ ಎಲ್ಲರೂ ಆ ಗೋಪುರದ ತಳಕ್ಕಿಂತ ಕೆಳಗಿನ ಅಡಿಪಾಯದಲ್ಲಿದ್ದಾರೆ.

ಷೇರುಪೇಟೆಯಲ್ಲಿ ಈಗ ಬಿಸಿಬಿಸಿಯಾಗಿ ಚರ್ಚೆಯಾಗುತ್ತಿರುವುದು ಕೃತಕ ಬುದ್ಧಿಮತ್ತೆಯ ಏರಿಕೆ ನಿಜವೋ ನೀರ ಮೇಲಿನ ಗುಳ್ಳೆಯೋ ಎಂಬುದು. ಮೈಕ್ರೊಸಾಫ್ಟ್, ಗೂಗಲ್, ಅಮೆಜಾನ್, ಮೆಟಾ ನಾಲ್ಕೇ ಕಂಪನಿಗಳು 2025ರಲ್ಲಿ ಕಟ್ಟಡ, ಯಂತ್ರೋಪಕರಣಗಳಿಗೆ 30,000 ಕೋಟಿ ಡಾಲರ್‌ಗೂ ಹೆಚ್ಚು ಸುರಿದವು. 2025ರ ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ ತಾನು ಓಪನ್‌ಎಐನಲ್ಲಿ 10,000 ಕೋಟಿ ಡಾಲರ್‌ವರೆಗೆ ತೊಡಗಿಸುವ ಇರಾದೆಯನ್ನು ಪ್ರಕಟಿಸಿತು; ಓಪನ್‌ಎಐ ಕೊಳ್ಳುವುದು ಹೆಚ್ಚಾಗಿ ಎನ್‌ವಿಡಿಯಾದ ಚಿಪ್ಪುಗಳನ್ನೇ. ಅಂಗಡಿಯವನು ಗಿರಾಕಿಗೆ ತಾನೇ ದುಡ್ಡು ಕೊಟ್ಟು ತನ್ನ ಸರಕನ್ನು ಕೊಳ್ಳಿಸಿದಂತೆ ಇದು. ಇಂಥ ಲೆಕ್ಕ ಕಂಡರೆ ಬ್ಯಾಂಕಿನ ಇನ್‌ಸ್ಪೆಕ್ಟರು ಕನ್ನಡಕ ಸರಿಪಡಿಸಿಕೊಂಡು ಎರಡನೆಯ ಸಲ ನೋಡುತ್ತಾರೆ. ಚೀನಾದ ಡೀಪ್‌ಸೀಕ್ ಎಂಬ ಸಂಸ್ಥೆ ಕಡಿಮೆ ಖರ್ಚಿನಲ್ಲಿ ಸಮಬಲದ ಮಾದರಿ ಕಟ್ಟಿದೆಯೆಂಬ ಸುದ್ದಿ ಹರಡಿದಾಗ, 2025ರ ಜನವರಿ 27ರ ಒಂದೇ ದಿನ ಎನ್‌ವಿಡಿಯಾ ಷೇರು ಶೇ 17ರಷ್ಟು ಕುಸಿದು, ಸುಮಾರು 59,000 ಕೋಟಿ ಡಾಲರ್ ಮೌಲ್ಯ ಕರಗಿತು.

ಅರ್ಥಶಾಸ್ತ್ರಜ್ಞರಲ್ಲೂ ಒಮ್ಮತವಿಲ್ಲ. ಜಗತ್ತಿನ ಒಟ್ಟು ಉತ್ಪನ್ನ ಹತ್ತು ವರ್ಷಗಳಲ್ಲಿ ಶೇ 7ರಷ್ಟು ಹೆಚ್ಚೀತೆಂದು ಗೋಲ್ಡ್‌ಮನ್ ಸ್ಯಾಕ್ಸ್ 2023ರಲ್ಲಿ ಅಂದಾಜು ಮಾಡಿತು. 2024ರಲ್ಲಿ ನೊಬೆಲ್ ಪಡೆದ ಡರಾನ್ ಅಸೆಮೊಗ್ಲು ಅಷ್ಟೇ ಅವಧಿಯಲ್ಲಿ ಅಮೆರಿಕದ ಉತ್ಪಾದಕತೆ ಹೆಚ್ಚೆಂದರೆ ಶೇ 0.7ರಷ್ಟು ಏರೀತು ಎಂದರು. ಎರಡರ ಅಳತೆಗೋಲು ಒಂದೇ ಅಲ್ಲ. ಆದರೂ ಇಬ್ಬರು ಬಲ್ಲವರ ನಡುವೆ ಇಷ್ಟು ಅಂತರವಿರುವಾಗ ಷೇರಿನ ಬೆಲೆ ಮಾತ್ರ ಒಬ್ಬರ ಮಾತನ್ನೇ ನಂಬಿ ಕುಳಿತಿದೆ.

2000ನೇ ಇಸವಿಯನ್ನು ನೆನಪಿಟ್ಟವರಿಗೆ ಈ ವಾತಾವರಣ ಹೊಸದಲ್ಲ. ಆಗ ಕಂಪನಿಗಳ ಹೆಸರಿನ ತುದಿಗೆ ಇನ್ಫೊಟೆಕ್ ಎಂದು ಸೇರಿಸಿದರೆ ಸಾಕು, ಷೇರು ಏರುತ್ತಿತ್ತು. ಹೈಸ್ಕೂಲಿನಿಂದ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರು ನಮ್ಮ ಶಾಖೆಗೆ ಬಂದು ಅವಧಿಗೆ ಮುಂಚೆಯೇ ಠೇವಣಿ ಮುರಿಸಿದರು. ಬಡ್ಡಿ ನಷ್ಟವಾಗುತ್ತದಲ್ಲ ಎಂದೆ. ‘ಬಡ್ಡಿ ನೆಚ್ಚಿಕೊಂಡು ಕೂರುವ ಕಾಲ ಹೋಯಿತು ಸ್ವಾಮಿ, ಈಗ ಕಂಪ್ಯೂಟರಿನ ಕಾಲ’ ಎಂದರು. ಕಾಲದ ಬಗ್ಗೆ ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು, ಅವರ ದುಡ್ಡು ಮಾತ್ರ ಮರಳಲಿಲ್ಲ. 2000ದ ಮಾರ್ಚ್‌ನಲ್ಲಿ ತುದಿ ಮುಟ್ಟಿದ ಅಮೆರಿಕದ ನಾಸ್ಡಾಕ್ ಸೂಚ್ಯಂಕ 2002ರ ಅಕ್ಟೋಬರ್ ಹೊತ್ತಿಗೆ ಶೇ 78ರಷ್ಟು ಬಿದ್ದಿತ್ತು. ಹಳೆಯ ಎತ್ತರಕ್ಕೆ ಮರಳಿದ್ದು 2015ರಲ್ಲಿ. ಇಂಟರ್‌ನೆಟ್ಟಿನ ಬೆನ್ನೆಲುಬಾದ ಉಪಕರಣಗಳನ್ನು ಮಾಡುತ್ತಿದ್ದ, ಇಂದಿನ ಎನ್‌ವಿಡಿಯಾದ ಸ್ಥಾನದಲ್ಲಿ ಆಗ ಇದ್ದ ಸಿಸ್ಕೊ ಕಂಪನಿಯ ಷೇರು ತನ್ನ ಆ ದಿನದ ಬೆಲೆಯನ್ನು ಮತ್ತೆ ಕಂಡದ್ದು 2025ರ ಡಿಸೆಂಬರ್‌ನಲ್ಲಿ. ಇಂಟರ್‌ನೆಟ್ ಸುಳ್ಳಾಗಿರಲಿಲ್ಲ, ಸಿಸ್ಕೊ ಕೂಡ ಕೆಟ್ಟ ಕಂಪನಿಯಾಗಿರಲಿಲ್ಲ. ನಮ್ಮಲ್ಲಿ 2001ರ ಮಾರ್ಚ್‌ನಲ್ಲಿ ಕೇತನ್ ಪರೇಖ್ ಬಂಧನವಾಯಿತು. ಜುಲೈನಲ್ಲಿ ಯೂನಿಟ್ ಟ್ರಸ್ಟ್ ತನ್ನ ಯುಎಸ್-64 ಯೋಜನೆಯ ಯೂನಿಟ್‌ಗಳ ಮರುಖರೀದಿಯನ್ನೇ ನಿಲ್ಲಿಸಿದಾಗ, ಷೇರುಪೇಟೆಯ ಗೋಜಿಗೇ ಹೋಗದಿದ್ದವರ ಉಳಿತಾಯವೂ ಸಿಕ್ಕಿಬಿದ್ದಿತು.

ಆದರೆ ಬೆಂಗಳೂರಿನ ಆ ಕುಟುಂಬದ ಮಟ್ಟಿಗೆ ಗುಳ್ಳೆ ಒಡೆಯುತ್ತದೆಯೋ ಇಲ್ಲವೋ ಎಂಬುದು ಇಡೀ ಪ್ರಶ್ನೆಯಲ್ಲ. ಒಡೆದರೆ ಅಮೆರಿಕದ ಕಂಪನಿಗಳು ಖರ್ಚು ಬಿಗಿ ಹಿಡಿಯುತ್ತವೆ, ನಮ್ಮ ಷೇರುಗಳೂ ಜೊತೆಗೆ ಬೀಳುತ್ತವೆ, ನೇಮಕಾತಿ ನಿಲ್ಲುತ್ತದೆ. ಒಡೆಯದಿದ್ದರೆ, ಅಂದರೆ ಯಂತ್ರ ತಾನು ಹೇಳಿಕೊಂಡಷ್ಟೂ ಕೆಲಸ ಮಾಡಿದರೆ, ಗೋಪುರದ ತಳ ಸವೆಯುತ್ತದೆ. ಎರಡೂ ದಾರಿಗಳು ಅದೇ ಮನೆಯ ಬಾಗಿಲಿಗೆ ಬರುತ್ತವೆ. 2002ರ ನಂತರ ಖರ್ಚು ಉಳಿಸುವ ಒತ್ತಡದಿಂದಲೇ ನಮಗೆ ಹೊರಗುತ್ತಿಗೆ ಹೆಚ್ಚಿತಲ್ಲವೇ ಎಂದು ಕೇಳುವವರಿದ್ದಾರೆ, ಅದು ನಿಜ. ಅಂದು ಅಗ್ಗದ ಆಯ್ಕೆ ನಾವಾಗಿದ್ದೆವು. ಸಾಫ್ಟ್‌ವೇರ್ ಅಗ್ಗವಾದಷ್ಟೂ ಅದರ ಬೇಡಿಕೆ ಹೆಚ್ಚಿ ಹೊಸ ಬಗೆಯ ಕೆಲಸಗಳು ಹುಟ್ಟುತ್ತವೆ ಎಂಬ ವಾದದಲ್ಲೂ ಹುರುಳಿದೆ. ಬಹುರಾಷ್ಟ್ರೀಯ ಕಂಪನಿಗಳು ಬೆಂಗಳೂರಿನಲ್ಲಿ ಸ್ವಂತ ಕೇಂದ್ರಗಳನ್ನು ತೆರೆಯುತ್ತಲೇ ಇವೆ. ಆದರೆ ಆ ಹೊಸ ಕೆಲಸ ಹಳೆಯ ಕೆಲಸ ಕಳೆದುಕೊಂಡವನಿಗೇ, ಅದೇ ವಯಸ್ಸಿನಲ್ಲಿ, ಕಂತು ತಪ್ಪುವ ಮೊದಲು ಸಿಗಬೇಕಷ್ಟೆ.

ಸಲಹೆ ಕೇಳುವ ಕಿರಿಯರಿಗೆ ನಾನು ಹೇಳುವುದು ಬಹಳ ನೀರಸವಾದ ಮಾತುಗಳನ್ನು. ಯಾವ ಉದ್ಯಮದಿಂದ ಸಂಬಳ ಬರುತ್ತದೆಯೋ ಅದೇ ಉದ್ಯಮದ ಷೇರುಗಳನ್ನು ಉಳಿತಾಯದಲ್ಲಿ ತುಂಬಿಕೊಳ್ಳಬೇಡಿ. ಎರಡನೆಯ ಮನೆ ಕೊಳ್ಳುವ ಮೊದಲು ಮೊದಲನೆಯದರ ಸಾಲ ತಗ್ಗಿಸಿ. ಒಂದು ವರ್ಷದ ಖರ್ಚನ್ನು ಯಾವ ಸೂಚ್ಯಂಕಕ್ಕೂ ಸಿಗದ ಕಡೆ ಇಡಿ. ಕೃತಕ ಬುದ್ಧಿಮತ್ತೆಯೇ ಹಣ ಬೆಳೆಸಿಕೊಡುತ್ತದೆ ಎನ್ನುವವರನ್ನು ಮನೆಯೊಳಗೆ ಬಿಡಬೇಡಿ. ತಮ್ಮ ಮುಖ, ದನಿಯನ್ನು ನಕಲು ಮಾಡಿ ಇಂಥ ವ್ಯಾಪಾರದ ಆ್ಯಪ್‌ಗಳಿಗೆ ಜಾಹೀರಾತು ಮಾಡಲಾಗುತ್ತಿದೆ, ಮೋಸಹೋಗಬೇಡಿ ಎಂದು ಎನ್.ಆರ್. ನಾರಾಯಣ ಮೂರ್ತಿ ಅವರೇ 2023ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಇಲ್ಲದ ಕೃತಕ ಬುದ್ಧಿಮತ್ತೆಯನ್ನು ಇದೆಯೆಂದು ಹೇಳಿಕೊಂಡ ಎರಡು ಹೂಡಿಕೆ ಸಲಹಾ ಸಂಸ್ಥೆಗಳಿಗೆ ಅಮೆರಿಕದ ಷೇರುಪೇಟೆ ನಿಯಂತ್ರಕರು 2024ರ ಮಾರ್ಚ್‌ನಲ್ಲಿ ದಂಡ ಹಾಕಿದರು.

ಇದು ಒಂದು ಮನೆಯ ಜಾಣತನದ ಮಾತಾಯಿತು. ಪ್ರತಿಯೊಂದು ಮನೆಯೂ ಹೀಗೆ ಜಾಣವಾದರೂ ಮೊದಲ ಪ್ರಶ್ನೆ, ಪಾಲಿನ ಪ್ರಶ್ನೆ, ಹಾಗೆಯೇ ಉಳಿಯುತ್ತದೆ. ಈ ಯಂತ್ರಗಳು ಕಲಿತದ್ದು ಜನ ಬರೆದದ್ದನ್ನು ಓದಿ. ನಮ್ಮ ಎಂಜಿನಿಯರುಗಳು ವರ್ಷಗಟ್ಟಲೆ ಪರಸ್ಪರ ನೆರವಿಗೆಂದು ಪುಕ್ಕಟೆಯಾಗಿ ಹಂಚಿಕೊಂಡ ಪ್ರೋಗ್ರಾಂಗಳೂ ಅದರ ಆಹಾರವಾದವು. ಅದೂ ಒಂದು ದಾನವೇ, ಕೊಟ್ಟವರಿಗೆ ಕೊಡುತ್ತಿದ್ದೇವೆಂದು ಗೊತ್ತಿರಲಿಲ್ಲ. ಇದಕ್ಕೆ ಬೇರೊಂದು ಬಗೆಯೂ ಸಾಧ್ಯ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. 2021ರಲ್ಲಿ ಆರಂಭವಾದ ‘ಕಾರ್ಯ’ ಎಂಬ ಲಾಭರಹಿತ ಸಂಸ್ಥೆ ಹಳ್ಳಿಗಳ ಜನರಿಂದ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿಸಿ ದನಿಯ ಸಂಗ್ರಹ ಮಾಡುತ್ತದೆ. ಗಂಟೆಗೆ ಸುಮಾರು 5 ಡಾಲರ್ ಕೂಲಿ. ಅಷ್ಟೇ ಅಲ್ಲ, ಆ ಸಂಗ್ರಹ ಮುಂದೆ ಮತ್ತೊಬ್ಬರಿಗೆ ಮಾರಾಟವಾದಾಗ ಓದಿದವರಿಗೆ ಅದರಲ್ಲೊಂದು ಪಾಲು. ಮೊತ್ತ ಸಣ್ಣದಿರಬಹುದು, ಆದರೆ ಚಾಮರಾಜನಗರದ ಹಳ್ಳಿಯ ಹೆಣ್ಣುಮಗಳಿಗೆ ಸಿಕ್ಕ ಕರಾರು, 2015ರಲ್ಲಿ ನಮ್ಮ ದೊಡ್ಡ ಕಂಪನಿಗೆ ಸಿಕ್ಕಿರಲಿಲ್ಲ.

ಸರ್ಕಾರವೂ ಮನಸ್ಸು ಮಾಡಿದರೆ ದಾರಿ ಹುಡುಕಬಲ್ಲದು. ಆಹಾರ, ಸರಕು ತಲುಪಿಸುವ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ಮಾಡಿದ ಕಾನೂನು ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಶುಲ್ಕ ವಿಧಿಸಿ ಕಲ್ಯಾಣ ನಿಧಿ ಕಟ್ಟಲು ಅವಕಾಶ ಕೊಟ್ಟಿದೆ. ಕೆಲಸದ ನಡುವಯಸ್ಸಿನಲ್ಲಿ ಹೊರಬಿದ್ದ ಎಂಜಿನಿಯರಿಗೆ ಇಂಥದೊಂದು ನಿಧಿ ಏಕಿರಬಾರದು? ಹಾಗೆ ಮಾಡಿದರೆ ಕಂಪನಿಗಳು ನೆರೆಯ ರಾಜ್ಯಕ್ಕೆ ಹೋಗುತ್ತವೆ ಎಂಬ ಹೆದರಿಕೆಯನ್ನು ಕೂಡಲೇ ಮುಂದೊಡ್ಡುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಗೂಗಲ್ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ವೆಚ್ಚದ ಕೇಂದ್ರವನ್ನು ವಿಶಾಖಪಟ್ಟಣದಲ್ಲಿ ಸ್ಥಾಪಿಸುವುದಾಗಿ ಪ್ರಕಟಿಸಿದಾಗ ನಮ್ಮಲ್ಲಿ ಎದ್ದ ಗದ್ದಲ ಇನ್ನೂ ನೆನಪಿನಲ್ಲಿದೆ. ಇಂಥ ದತ್ತಾಂಶ ಕೇಂದ್ರಗಳಿಗೆ ಬೇಕಾದ್ದು ಭೂಮಿ, ವಿದ್ಯುತ್, ನೀರು. ಕಟ್ಟಿ ಮುಗಿದ ಮೇಲೆ ಅವು ಕೊಡುವ ಕೆಲಸ ಕಡಿಮೆ. ಒಳಗಿನ ಚಿಪ್ಪುಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಆದ್ದರಿಂದ ಎಷ್ಟು ಕೋಟಿ ಬಂತು ಎಂಬುದಕ್ಕಿಂತ ಯಾವ ಷರತ್ತಿನ ಮೇಲೆ ಬಂತು, ಊರಿಗೆ ಏನು ಉಳಿಯಿತು ಎಂದು ಕೇಳುವುದು ಮುಖ್ಯ.

ಈ ಪ್ರಶ್ನೆಯನ್ನು ನಮ್ಮ ನಾಡು ಹಿಂದೊಮ್ಮೆ ಎದುರಿಸಿದೆ. ಕೋಲಾರದ ಚಿನ್ನದ ಗಣಿಗಳಿಗೆ 1880ರ ದಶಕದಲ್ಲಿ ಹಣ ಹೂಡಿದವರು ಲಂಡನ್ನಿನ ಷೇರುದಾರರು. ಗಣಿ ನಡೆಸಿದ್ದು ಜಾನ್ ಟೇಲರ್ ಕಂಪನಿ. ಆರಂಭದಲ್ಲಿ ಚಿನ್ನ ಸಿಗದೆ ಷೇರುಗಳು ನೆಲಕಚ್ಚಿದವು. ಚಾಂಪಿಯನ್ ರೀಫ್‌ನ ಪದರ ಸಿಕ್ಕ ಮೇಲೆ ಲಾಭಾಂಶ ಹರಿಯಿತು. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಚಿನ್ನ 800 ಟನ್ನಿಗೂ ಹೆಚ್ಚು. ಮೂರು ಕಿಲೊಮೀಟರಿಗೂ ಆಳದಲ್ಲಿ ಬಂಡೆ ಕೊರೆದ ಕಾರ್ಮಿಕರ ಪಾಲಿಗೆ ಬಂದದ್ದು ಕೂಲಿ ಮತ್ತು ಶ್ವಾಸಕೋಶಕ್ಕೆ ಇಳಿದ ಸಿಲಿಕಾ ದೂಳು. ಸಯನೈಡ್ ಮಣ್ಣಿನ ದಿಬ್ಬಗಳು ಈಗಲೂ ಅಲ್ಲಿನ ಮನೆಗಳ ಬೆನ್ನಿಗೆ ನಿಂತಿವೆ. ಗಣಿಗಳಿಗೆ ವಿದ್ಯುತ್ ಬೇಕಾದಾಗ ಮೈಸೂರು ಸಂಸ್ಥಾನ ಮಾಡಿದ ಕೆಲಸವೊಂದು ಮಾತ್ರ ಬೇರೆ ತರಹದ್ದು. ಕಾವೇರಿಯನ್ನು ಕಂಪನಿಗೆ ಬಿಟ್ಟುಕೊಡದೆ, ಶಿವನಸಮುದ್ರದಲ್ಲಿ ತಾನೇ ವಿದ್ಯುತ್ ಕೇಂದ್ರ ಕಟ್ಟಿ, ಕಂಪನಿಯನ್ನು ತನ್ನ ಗ್ರಾಹಕನಾಗಿ ಮಾಡಿಕೊಂಡಿತು. 1902ರಲ್ಲಿ ಸುಮಾರು 147 ಕಿಲೊಮೀಟರ್ ತಂತಿಯ ಮೇಲೆ ವಿದ್ಯುತ್ ಕೋಲಾರ ತಲುಪಿತು. ಮೂರು ವರ್ಷಗಳ ಮೇಲೆ, 1905ರಲ್ಲಿ, ಅದೇ ನೀರಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿತು. ಗಣಿ ಮುಚ್ಚಿದ್ದು 2001ರಲ್ಲಿ. ಶಿವನಸಮುದ್ರದ ಕೇಂದ್ರ ಈಗ ರಾಜ್ಯದ ವಿದ್ಯುತ್ ನಿಗಮದ ಕೈಯಲ್ಲಿದೆ.